ಅತ್ತೆಯ ಸಾವಿಗೆ ಕಾದು ಕುಳಿತ ಸುದ್ದಿಗಳು

ಅಕ್ಟೋಬರ್ 9, 1976

ಅತ್ತೆ ಇವತ್ತೂ ಸಾಯಲಿಲ್ಲ.

ಪಟ್ಟಣದಿಂದ ಬಂದ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಕೇಳಿದ, ಕಣ್ಣಿನ ರೆಪ್ಪೆ ಎಳೆದು ನೋಡಿದ, ಆಮೇಲೆ ನನ್ನನ್ನು ಅಂಗಳಕ್ಕೆ ಕರೆದು, ‘ಹೃದಯ ಸೋತು ಹೋಗಿದೆಯಮ್ಮ. ಎಲೆ ಉದುರೋದ್ರೊಳಗೆ ಮುಗಿಯುತ್ತೆ’ ಎಂದ. ನಾನು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡೆ. ಹಾಗೆ ಮಾಡದಿದ್ದರೆ ನೋಡಿದವರಿಗೆ ಚೆನ್ನಾಗಿರುವುದಿಲ್ಲ. ಒಳಗಿನಿಂದ ಅತ್ತೆ ಕೂಗಿದಳು: ‘ಏ ಕ್ಸೇನಿ, ಏನಂತೆ ಆ ಬೋಳಂದು? ನನ್ನ ಎದೆ ರಿಪೇರಿ ಮಾಡೋ ಮುಂಚೆ ಅವನ ತಲೆ ಮೇಲೆ ನಾಲ್ಕು ಕೂದಲು ಬೆಳೆಸ್ಕೊಳ್ಳಲಿ!’

ಈ ಬಾಯಿ ನಿಲ್ಲಲು ಎಲೆ ಉದುರಿದರೆ ಸಾಲದು, ಮರವೇ ಬೀಳಬೇಕು.

ಇದನ್ನೆಲ್ಲ ಪುಸ್ತಕಕ್ಕಲ್ಲದೆ ಇನ್ಯಾರಿಗೆ ಹೇಳಲಿ? ನನ್ನ ಗಂಡ ಮಿಲ್ತೊ ಸಹಕಾರಿ ಸಂಘದ ಕುರಿಗಳ ಜೊತೆ ಬೆಟ್ಟದ ಮೇಲಿರುತ್ತಾನೆ. ಇಳಿದು ಬಂದರೂ ಕುರಿಗಳ ಆರೋಗ್ಯವನ್ನೇ ಮಾತಾಡುತ್ತಾನೆ. ನೆರೆಯವರ ಹತ್ತಿರ ಬಾಯಿಬಿಟ್ಟರೆ ಮಾತು ಸಂಜೆಯೊಳಗೆ ಸಂಘದ ಹೊಲಗೆಲಸದ ಬ್ರಿಗೇಡಿನ ಮುಖ್ಯಸ್ಥ ಥೊಮಾನ ಕಿವಿ ಸೇರುತ್ತದೆ. ಹಾಗಾಗಿ ಬರೆಯುತ್ತೇನೆ, ಬರೆದು ಅತ್ತೆಯ ಹಾಸಿಗೆಯ ಕೆಳಗೇ ತುರುಕುತ್ತೇನೆ. ಅವಳಿಗೆ ಓದು ಬಾರದು. ಅವಳನ್ನು ಎತ್ತಿ ಕೆಳಗೆ ಏನಿದೆ ಎಂದು ನೋಡುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ.

ಅಕ್ಟೋಬರ್ 14

ಪಕ್ಕದ ಮನೆಯ ಕಲ್ಯೋಪಿ ಬಂದಳು. ಕೈಯಲ್ಲಿ ಸೊಪ್ಪು, ಚೀಸು ತುಂಬಿ ಸುಟ್ಟ ಬಿಸಿ ಪಿಟ. ಅವಳ ಕೈಯಿಂದ ಯಾರಿಗೂ ಒಂದು ಚೂರು ರೊಟ್ಟಿ ಬಿದ್ದದ್ದನ್ನು ನಾನು ಕಂಡಿಲ್ಲ.

‘ಅತ್ತೆ ಹೇಗಿದಾರೆ ಕ್ಸೇನಕ್ಕ?’

‘ಹಾಗೇ ಇದಾರೆ.’

‘ಅಯ್ಯೋ ಪಾಪ’ ಎಂದು ನಿಜವಾಗಿಯೂ ಬೇಸರಪಟ್ಟುಕೊಂಡಳು. ಆಮೇಲೆ ಬಾಗಿಲು ಮುಂದೆ ಮಾಡಿ, ‘ನಮ್ಮಣ್ಣನಿಗೆ ಎರಡು ಸಾಲು ಹಾಕ್ತೀಯಾ ಅಕ್ಕ? ಅಪ್ಪನ ಮನೆ ಚಾವಣಿ ಕುಸೀತು, ಆದ್ರೆ ಆಕ್ರೋಟಿನ ಮರ ಗಟ್ಟಿಯಾಗಿದೆ ಅಂತ. ಅವನು ಆ ಮರ ಹತ್ತಿ ಬಿದ್ದು ಹಲ್ಲು ಮುರ್ಕೊಂಡಿದ್ದ’ ಎಂದಳು.

ಸರಿ, ಶುರುವಾಯಿತು. ನಮ್ಮೂರಿಗೂ ಆಚೆಯೂರಿಗೂ ನಡುವೆ ಮುಳ್ಳುತಂತಿ ಬಿದ್ದು ಮೂವತ್ತು ವರ್ಷ. ಇತ್ತ ಅಲ್ಬೇನಿಯಾ, ಅತ್ತ ಗ್ರೀಸು, ಎರಡೂ ಕಡೆ ಬೈಯುವುದು ಮಾತ್ರ ಒಂದೇ ಗ್ರೀಕಿನಲ್ಲಿ. ಕಾಗದ ಹೋಗುವುದಿಲ್ಲ, ಮನುಷ್ಯ ಹೊರಟರೆ ಗುಂಡು. ಆದರೆ ನಮ್ಮ ಸ್ಮಶಾನ ಗುಡ್ಡದ ಆ ಮಗ್ಗುಲಲ್ಲಿದೆ, ತಂತಿಗೆ ಎದುರಾಗಿ. ಹಿರಿಯರನ್ನು ಎಬ್ಬಿಸಿ ಬೇರೆಡೆ ಮಲಗಿಸಲು ಸರಕಾರಕ್ಕೂ ಆಗಲಿಲ್ಲ. ಅಲ್ಲಿ ನಿಂತು ಹಾಡಿ ಅತ್ತರೆ ಆಚೆ ಗುಡ್ಡಕ್ಕೆ ಕೇಳುತ್ತದೆ. ಹಾಡುವುದು ಹೆಣಕ್ಕೇ: ‘ಅಜ್ಜೀ, ನೀ ಹೋಗುವಲ್ಲಿ ನಮ್ಮಣ್ಣ ಸಿಕ್ಕರೆ ಹೇಳು’ ಎಂದು. ಅಣ್ಣನೋ ಸತ್ತಿರುವುದಿಲ್ಲ, ಆಚೆ ಗುಡ್ಡದಲ್ಲಿ ಕಿವಿಗೆ ಕೈ ಕೊಟ್ಟು ನಿಂತಿರುತ್ತಾನೆ. ಕಾವಲಿನ ಸೈನಿಕರು ದೂರದ ಉತ್ತರದವರು, ನಮ್ಮ ಭಾಷೆ ತಿಳಿಯದು. ದುಃಖ ಹೆಚ್ಚಾಯಿತು ಅಂದುಕೊಂಡು ಟೋಪಿ ತೆಗೆಯುತ್ತಾರೆ.

ಹಾಡು ಎತ್ತುವವಳು ನಾನು. ಉಳಿದ ಹೆಂಗಸರು ಹಿಂದಿನಿಂದ ಒಂದೇ ಸ್ವರ ಹಿಡಿಯುತ್ತಾರೆ. ಆದರೆ ಹಾಡಲು ಸಾವು ಬೇಕಲ್ಲ? ಈ ಊರಿನ ಮುದುಕರಿಗೆ ಏನು ರೋಗ ಬಂದಿದೆಯೋ, ಎರಡು ವರ್ಷದಿಂದ ಒಬ್ಬರೂ ಸಾಯುತ್ತಿಲ್ಲ. ಹುಟ್ಟು, ಮದುವೆ, ಜಗಳ ಎಲ್ಲವೂ ಹೇಳುವವರಿಲ್ಲದೆ ಕೊಳೆಯುತ್ತ ಬಿದ್ದಿವೆ.

ನನ್ನದೂ ಒಂದು ಬಿದ್ದಿದೆ. ನನ್ನಕ್ಕ ಫೋತಿನಿ ಮದುವೆಯಾಗಿ ಹೋದಾಗ ಅದು ಪಕ್ಕದೂರು. ಈಗ ಪರದೇಶ. ಪ್ರತಿ ಸಾವಿನಲ್ಲೂ ನಾನು ಅತ್ತೆಯ ಮೇಲಿನ ದೂರುಗಳನ್ನು ರಾಗವಾಗಿ ಅವಳಿಗೆ ಕಳಿಸುತ್ತಿದ್ದೆ, ಅವಳು ಆಚೆಯಿಂದ ಅವಳ ಅತ್ತೆಯ ದೂರು ಹಾಡುತ್ತಿದ್ದಳು. ಅವಳ ಅತ್ತೆ ಪುಣ್ಯಾತ್ಗಿತ್ತಿ, ಬೇಗ ಹೋದಳು. ಆಮೇಲೆ ಬಹಳ ವರ್ಷ ಹಾಡಿದಾಗಲೆಲ್ಲ ಎದುರುಗಾಳಿ, ಆಚೆಯ ದನಿಯೇ ಕೇಳಲಿಲ್ಲ. ಕಳೆದ ಸಲ ನಾವು ಹಾಡಿದಾಗ ಆಚೆಯಿಂದ ಉತ್ತರ ಬಂತು, ಆದರೆ ಫೋತಿನಿಯ ದನಿ ಇರಲಿಲ್ಲ. ಅಕ್ಕನದು ಬೆಳ್ಳಿ ಗಂಟೆಯಂಥ ದನಿ, ನೂರು ಜನರ ನಡುವೆಯೂ ಗುರುತಿಸುತ್ತೇನೆ. ಯಾವಳೋ ಗೊಗ್ಗರು ಗಂಟಲಿನ ಮುದುಕಿ ಎಲ್ಲರನ್ನೂ ಮೀರಿಸಿ ಅರಚುತ್ತಿದ್ದಳು, ಗಾಳಿಗೆ ಅವಳ ಒಂದು ಮಾತೂ ತಿಳಿಯಲಿಲ್ಲ. ಅವಳ ಗದ್ದಲದಲ್ಲಿ ಬೇರೆಯವರನ್ನು ಕೇಳಿಸಿಕೊಳ್ಳುವುದೇ ಕಷ್ಟವಾಯಿತು. ಆಮೇಲೆ ಅವರ ಕಡೆಯೂ ಒಂದು ಸಾವಾಯಿತು, ಆಗಲೂ ಫೋತಿನಿ ಇಲ್ಲ, ಅದೇ ಗೊಗ್ಗರು ಮುದುಕಿ. ಗಾಳಿ ಎದುರಿದ್ದ ದಿನ ಅಕ್ಕ ಹೋಗಿಬಿಟ್ಟಿದ್ದರೆ ನಮಗೆ ಹೇಗೆ ತಿಳಿಯಬೇಕು?

ಅಕ್ಕ ಬದುಕಿದ್ದಾಳೋ ಇಲ್ಲವೋ ಎಂದು ಕೇಳಲು ನನಗೊಂದು ಹೆಣ ಬೇಕು. ದೇವರಾಣೆ, ಅತ್ತೆಗೆ ಕೇಡು ಬಯಸುತ್ತಿಲ್ಲ. (ದೇವರನ್ನು ಸರಕಾರ ರದ್ದು ಮಾಡಿದೆ. ಆದರೆ ಆಣೆ ಇಡಲು ಬೇರೆ ಯಾರನ್ನೂ ಕೊಟ್ಟಿಲ್ಲ.) ಹೇಗೂ ಹೋಗುವವಳು ಸ್ವಲ್ಪ ಬೇಗ ಹೋಗಲಿ, ಅಷ್ಟೆ.

ಅಕ್ಟೋಬರ್ 23

ಊರಿಗೆ ಊರೇ ನಮ್ಮ ಮನೆಗೆ ಬರುತ್ತಿದೆ. ಒಬ್ಬಳು ಹುರಿದ ಬದನೆಕಾಯಿ, ಒಬ್ಬಳು ಅಂಜೂರದ ಮುರಬ್ಬ, ಮತ್ತೊಬ್ಬಳು ಸೀಸೆಯಲ್ಲಿ ರಾಕಿ, ಮನೆಯಲ್ಲೇ ಇಳಿಸಿದ ದ್ರಾಕ್ಷಿ ಸಾರಾಯಿ. ಅತ್ತೆಗೆ ಮೊದಲ ದಿನವೇ ವಾಸನೆ ಬಡಿಯಿತು, ರಾಕಿಯದಲ್ಲ, ವಿಷಯದ್ದು.

‘ಕ್ಸೇನಿ, ಇವರೆಲ್ಲ ಯಾಕೆ ಬರ್ತಿದಾರೆ?’

‘ನಿಮ್ಮನ್ನ ನೋಡೋಕೆ ಅತ್ತೆ.’

‘ನನ್ನ ಮದುವೆ ದಿನಾನೂ ಇಷ್ಟು ಜನ ನೋಡೋಕೆ ಬರಲಿಲ್ಲ ಕಣೇ. ನಾನು ಹೊರಡೋ ಬಸ್ಸು, ಇವರೆಲ್ಲ ಗಂಟು ಕಳಿಸೋಕೆ ಬಂದಿದಾರೆ. ಕೇಳು, ಬರಿಗೈಲಿ ಬಂದೋರ ಗಂಟು ನಾನು ಹೊರಲ್ಲ. ಮುರಬ್ಬಕ್ಕೆ ಎರಡು ಸಾಲು. ರಾಕಿ ತಂದೋರಿಗೆ ಬೇಕಾದಷ್ಟು ಹಾಡು.’

ಈಗ ಎಲ್ಲರನ್ನೂ ಅವಳೇ ನೋಡುತ್ತಾಳೆ. ದಿಂಬಿಗೆ ಒರಗಿ, ಕಣ್ಣು ಅರೆ ಮುಚ್ಚಿ, ಈಗಲೋ ಆಗಲೋ ಎಂಬಂತೆ ನರಳುತ್ತಾಳೆ. ಬಂದವರು ಹೊಸ್ತಿಲು ದಾಟುತ್ತಲೇ ಬಟ್ಟಲು ಎಲ್ಲಿ ಅನ್ನುತ್ತಾಳೆ. ಕೆನ್ನೆ ತುಂಬಿಕೊಳ್ಳುತ್ತಿದೆ. ಇವಳ ಸಾವಿಗೆ ಕಾದವರೇ ಇವಳನ್ನು ತಿನ್ನಿಸಿ ಬದುಕಿಸುತ್ತಿದ್ದಾರೆ. ಈ ಊರಿನವರ ತಲೆಗೆ ಇಷ್ಟು ಹೊಳೆಯಬೇಡವೇ?

ನವೆಂಬರ್ 2

ಪಟ್ಟಣದಿಂದ ಗುಮಾಸ್ತ ಬಂದಿದ್ದ. ಸಂತರ ಹೆಸರು, ಹಳೆ ಕಾಲದ ಹೆಸರು ಇರುವವರೆಲ್ಲ ಹೊಸ ಹೆಸರು ಇಟ್ಟುಕೊಳ್ಳಬೇಕಂತೆ. ಅತ್ತೆಯ ಹೆಸರು ಸೆವಾಸ್ತಿ, ಪೂಜ್ಯಳು ಅಂತ ಅರ್ಥ. ಇಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ, ಪಾಪ.

‘ಅಜ್ಜಿ, ಇವತ್ತಿಂದ ನಿಮ್ಮ ಹೆಸರು ವ್ಯೋಲ್ತ್ಸಾ’ ಎಂದ ಗುಮಾಸ್ತ.

‘ನಾಳೆ ಸಾಯೋಳಿಗೆ ಇವತ್ತು ನಾಮಕರಣನಾ? ಸಿಹಿ ಎಲ್ಲಿ?’

ಗುಮಾಸ್ತ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ.

‘ಹಾಗಂದ್ರೆ ಏನಪ್ಪಾ ಅರ್ಥ?’

‘ಒಂದು ಹೂವು ಅಜ್ಜಿ. ನೇರಳೆ ಬಣ್ಣದ್ದು, ಸಣ್ಣದು. ಬೇಲಿ ಬದೀಲಿ ಬಿಡುತ್ತಲ್ಲ.’

ಅತ್ತೆ ಈಗ ಅವನ ಜನ್ಮ ಜಾಲಾಡುತ್ತಾಳೆ ಎಂದು ಕಾದೆ. ಅವಳು ಹೇಳಿದ್ದು ಇಷ್ಟೆ: ‘ಯಾರೂ ನನ್ನನ್ನ ಹೂವು ಅಂದಿರಲಿಲ್ಲ. ಬರ್ಕೋ.’

ನವೆಂಬರ್ 3

ವ್ಯೋಲ್ತ್ಸಾ ಎಂದು ಕರೆದರೆ ಮಾತ್ರ ಬಾಯಿ ತೆರೆದು ಗಂಜಿ ಕುಡಿಯುತ್ತಾಳಂತೆ. ಇದನ್ನು ನೋಡಲು ನಾನು ಈ ಮನೆಗೆ ಸೊಸೆಯಾಗಿ ಬಂದೆ.

ನವೆಂಬರ್ 17

ಇವತ್ತು ಬಂದವನು ಥೊಮಾ. ಬ್ರಿಗೇಡಿನ ಮುಖ್ಯಸ್ಥ, ಪಕ್ಷದ ಮನುಷ್ಯ, ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡೇ ಮಲಗುವವನು. ನಾನು ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತೆ.

‘ಕಾಮ್ರೇಡ್ ಕ್ಸೇನಿ’ ಎಂದು ಶುರುಮಾಡಿದ, ‘ಸತ್ತೋರ ಕೈಲಿ ಇನ್ನೊಂದು ಲೋಕಕ್ಕೆ ಸುದ್ದಿ ಕಳಿಸೋದು ವಿಜ್ಞಾನಕ್ಕೆ ವಿರುದ್ಧ. ಇನ್ನೊಂದು ಲೋಕ ಅನ್ನೋದು ಇಲ್ಲ.’

‘ಇಲ್ಲ ಕಾಮ್ರೇಡ್.’

‘ಆದ್ರೆ ಹಾಡು ಜಾನಪದ. ಜಾನಪದಕ್ಕೆ ಪಕ್ಷದ ಪ್ರೋತ್ಸಾಹ ಇದೆ.’

‘ಇದೆ ಕಾಮ್ರೇಡ್.’

ಅತ್ತ ಇತ್ತ ನೋಡಿ ಕೋಟಿನೊಳಗಿಂದ ಒಂದು ಪೊಟ್ಟಣ ತೆಗೆದ. ಕಾಫಿ! ನಿಜವಾದ ಕಾಫಿ, ಹುರಿದ ಬಾರ್ಲಿಯಲ್ಲ. ಮೇಜಿನ ಮೇಲಿಟ್ಟು ನೆಲ ನೋಡುತ್ತ, ‘ಆಚೆ ಇರೋ ನಮ್ಮ ತಮ್ಮನಿಗೆ... ಅಮ್ಮ ಕೊನೇಲಿ ಅವನ ಹೆಸರೇ ಹೇಳಿದ್ಲು ಅಂತ. ಅವಳನ್ನ ಮಣ್ಣು ಮಾಡಿದಾಗ ಹೇಳಿಸೋ ಧೈರ್ಯ ನನಗಿರಲಿಲ್ಲ. ಅಷ್ಟು ಸಾಕು’ ಎಂದ.

ಒಳಗಿನಿಂದ ಅತ್ತೆ: ‘ಸಕ್ಕರೆ ತಂದಿಲ್ವಾ ಕಾಮ್ರೇಡ್? ವ್ಯೋಲ್ತ್ಸಾ ಕಹಿ ಕಾಫಿ ಕುಡಿಯಲ್ಲ!’

ಅವನು ಹೋದ ಮೇಲೆ ಇಬ್ಬರೂ ಕಾಫಿ ಕುಡಿದೆವು. ಅತ್ತೆ ಲೋಟ ಮಗುಚಿ ತಳದ ಚರಟ ನೋಡಿ ನನ್ನ ಭವಿಷ್ಯ ಹೇಳಿದಳು: ನಾನು ದಪ್ಪಗಾಗುತ್ತೇನಂತೆ. ಬಹಳ ದಿನದ ಮೇಲೆ ಒಳ್ಳೆ ಕಾಫಿ ಸಿಕ್ಕಿದ್ದಕ್ಕೆ ನಗು ಬಂತು.

ಡಿಸೆಂಬರ್ 1

ಎಲೆಗಳೆಲ್ಲ ಉದುರಿ ಮುಗಿದವು. ಅತ್ತೆ ಇದ್ದಾಳೆ.

ಬೆನ್ನು ಉಜ್ಜುತ್ತಿದ್ದಾಗ ಕೇಳಿದಳು: ‘ಎಲ್ಲರ ಗಂಟೂ ಆಯ್ತು. ನನಗೇ ಅಂತ ಏನು ಹಾಡ್ತೀಯ?’

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ‘ಒಂದು ಸಾಲು ಹಾಡ್ತೀನಿ’ ಎಂದೆ.

‘ಒಂದಾ! ಕತ್ತೆ ಸತ್ತಾಗ ನನ್ನ ಮಗ ಅದಕ್ಕಿಂತ ಜಾಸ್ತಿ ಅತ್ತಿದ್ದ.’

‘ಕತ್ತೆ ನನ್ನ ಮೇಲೆ ಚಾಡಿ ಹೇಳಿರಲಿಲ್ಲ ಅತ್ತೆ.’

‘ಚಾಡಿ ಹೇಳದೆ ಇದ್ದಿದ್ರೆ ನೀನು ರೊಟ್ಟಿ ಸುಡೋದು ಕಲೀತಿದ್ಯಾ? ಮೂರು ಸಾಲು.’

‘ಎರಡು. ಕೊನೆ ಮಾತು.’

‘ಎರಡರಲ್ಲಿ ಒಂದರಲ್ಲಾದ್ರೂ ಹೂವು ಅಂತ ಬರ್ಬೇಕು’ ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಬೆನ್ನು ಎಷ್ಟು ಸಣ್ಣಗಾಗಿದೆ. ಈ ಬೆನ್ನಿನ ಮೇಲೆ ಇಡೀ ಊರಿನ ಸುದ್ದಿ ಹೇರುತ್ತಿದ್ದೇವೆ.

ಡಿಸೆಂಬರ್ 12

ಅತ್ತೆಗೆ ಜ್ವರ ಬಂದು ಮೈ ಕೆಂಡವಾಯಿತು. ಸಂಘದವರು ನಮಗೆಂದು ಬಿಟ್ಟಿದ್ದ ಕೋಳಿಗಳಲ್ಲಿ ಮೊಟ್ಟೆ ಇಡುವುದನ್ನೇ ಕೊಯ್ದು ಸೂಪು ಮಾಡಿದೆ. ಅದು ಗಂಟಲಿಗೆ ಇಳಿಯಲಿಲ್ಲ. ಆಲಿಕಲ್ಲು ಬೀಳುತ್ತಿದ್ದಾಗಲೇ ನಡೆದು ಪಟ್ಟಣಕ್ಕೆ ಹೋಗಿ ಆ ಬೋಳು ಡಾಕ್ಟರನ್ನು ಊಟದ ಮೇಜಿನಿಂದ ಎಬ್ಬಿಸಿ ಕರೆತಂದೆ. ಬರಲ್ಲ ಅಂದ. ಬರದಿದ್ದರೆ ಇಲ್ಲೇ ನಿಂತು ಹಾಡು ಎತ್ತುತ್ತೇನೆ ಅಂದೆ. ಬಂದ. ಸೂಜಿ ಚುಚ್ಚಿದ.

ಕಲ್ಯೋಪಿ ಬೇಲಿಯಾಚೆಯಿಂದ ವಿಚಿತ್ರವಾಗಿ ನೋಡುತ್ತಿದ್ದಳು. ಅವಳಿಗೇನು ಗೊತ್ತು? ಈಗ ಬೀಸುತ್ತಿರುವುದು ತೆಂಕಣ ಗಾಳಿ. ಈಗ ಅತ್ತೆ ಹೋದರೆ ಹಾಡಿದ್ದೆಲ್ಲ ನಮ್ಮ ಮುಖಕ್ಕೇ ವಾಪಸ್ಸು ಬರುತ್ತದೆ. ಬಡಗಣ ಗಾಳಿ ಬರುವವರೆಗೆ ಅವಳನ್ನು ಉಳಿಸಿಕೊಳ್ಳಲೇಬೇಕು. ಅದಕ್ಕೇ ಹೋಗಿದ್ದು.

ಜನವರಿ 4, 1977

ಬಡಗಣ ಗಾಳಿ ಬಂತು. ಸೂಜಿಯಂತೆ ಚಳಿ, ಆಕಾಶ ತೊಳೆದಿಟ್ಟ ಹಾಗಿದೆ. ಇಲ್ಲಿ ಸೀನಿದರೆ ಆಚೆಯೂರಿನಲ್ಲಿ ಹರಸುತ್ತಾರೆ.

ಕಲ್ಯೋಪಿ ಬೆಳಿಗ್ಗೆಯೇ ಹಾಜರು. ‘ಒಳ್ಳೆ ಗಾಳಿ ಅಲ್ವಾ ಅಕ್ಕ? ಅತ್ತೆ ಹೇಗಿದಾರೆ?’

‘ಚೆನ್ನಾಗಿದಾರೆ.’

‘ಅಯ್ಯೋ. ಈ ಗಾಳಿ ನಿಂತ್ರೆ ಮತ್ತೆ ಯಾವಾಗಲೋ.’

ನನ್ನ ಕೈಯಲ್ಲಿ ಪೊರಕೆ ಇತ್ತು. ಅದು ಹೇಗೆ ಎದ್ದಿತೋ ತಿಳಿಯದು, ಕಲ್ಯೋಪಿ ಗೇಟಿನಾಚೆ ಇದ್ದಳು, ಒಂದು ಚಪ್ಪಲಿ ಈಚೆ ಇತ್ತು. ‘ಗಾಳಿ ಬರೋ ವರ್ಷಾನೂ ಬರುತ್ತೆ ಹೋಗೇ!’ ಎಂದು ಕೂಗಿದೆ. ಆಮೇಲೆ ನನಗೇ ನಾಚಿಕೆಯಾಯಿತು. ಹಾಡು ಇನ್ನೂ ಸರಿಯಾಗಿ ಕಟ್ಟಿಲ್ಲ, ಅದರ ಚಿಂತೆಯಲ್ಲಿ ಸಿಟ್ಟು ಬಂದಿರಬೇಕು.

ಒಳಗೆ ಅತ್ತೆ ನಕ್ಕು ನಕ್ಕು ಕೆಮ್ಮುತ್ತಿದ್ದಳು.

ಜನವರಿ 15

ಈಗ ಏನೂ ತಿನ್ನುತ್ತಿಲ್ಲ. ರಾಕಿ ಮೂಗಿನ ಹತ್ತಿರ ಹಿಡಿದರೆ ಮುಗುಳ್ನಗುತ್ತಾಳೆ, ಅಷ್ಟೆ.

ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡಳು. ಈ ಮನೆಗೆ ಬಂದ ಮೇಲೆ ಆ ಕೈ ನನ್ನನ್ನು ಹಿಡಿದದ್ದು ಕಿವಿ ಹಿಂಡಲು ಮಾತ್ರ.

‘ಕ್ಸೇನಿ, ಫೋತಿನಿ ಮದುವೇಲಿ ನಾನೂ ಕುಣಿದಿದ್ದೆ. ನಿನ್ನಕ್ಕ ನೋಡೋಕೆ ನಿನಗಿಂತ ಚೆಂದ.’

‘ಗೊತ್ತು ಅತ್ತೆ. ನೀವು ದಿನಾ ಹೇಳ್ತಿದ್ರಿ.’

‘ಅವಳು ಇದಾಳಾ ಇಲ್ವಾ ಸರಿಯಾಗಿ ಕೇಳು. ನನ್ನ ಎರಡು ಸಾಲು ಇದೆಯಲ್ಲ, ಅದೂ ಅವಳಿಗೇ ಹಾಕ್ಕೋ. ನನಗೇನೂ ಬೇಡ.’

‘ಬಾಯಿ ಮುಚ್ಕೊಂಡು ಗಂಜಿ ಕುಡೀರಿ’ ಎಂದೆ. ಆಮೇಲೆ ಕೊಟ್ಟಿಗೆಗೆ ಹೋಗಿ ಮೇಕೆಯ ಜೊತೆ ಬಹಳ ಹೊತ್ತು ನಿಂತೆ. ಮೇಕೆಗೆ ಹುಲ್ಲು ಹಾಕಬೇಕಿತ್ತು.

ಜನವರಿ 18

ಅತ್ತೆ ಇವತ್ತು ಸತ್ತಳು.

ಬೆಳಿಗ್ಗೆ ವ್ಯೋಲ್ತ್ಸಾ ಎಂದು ಕರೆದೆ, ಸೆವಾಸ್ತಿ ಎಂದೂ ಕರೆದೆ, ಅತ್ತೆ ಎಂದೂ. ಎತ್ತುವಾಗ ಈ ಪುಸ್ತಕ ಕೆಳಗೆ ಬಿತ್ತು. ಕಲ್ಯೋಪಿ ಅದನ್ನು ಎತ್ತಿ, ಬಿಚ್ಚಿಯೂ ನೋಡದೆ ನನ್ನ ಸೊಂಟದ ಬಟ್ಟೆಗೆ ಸಿಕ್ಕಿಸಿದಳು.

ಜನವರಿ 20

ನಿನ್ನೆ ಮಣ್ಣು ಮಾಡಿದೆವು. ಬರೆಯಲು ಇವತ್ತು ಕೈ ಬಂತು.

ಪಾದ್ರಿ ಇಲ್ಲ, ಶಿಲುಬೆ ಇಲ್ಲ. ಥೊಮಾ ಕಾಗದ ತೆಗೆದು, ತಂಬಾಕಿನ ಬೆಳೆಗೆ ಕಾಮ್ರೇಡ್ ವ್ಯೋಲ್ತ್ಸಾ ಸಲ್ಲಿಸಿದ ಸೇವೆಯನ್ನು ಓದಿದ. ಅತ್ತೆ ಇದ್ದಿದ್ದರೆ ಇವನು ಕಾಗದ ನುಂಗಬೇಕಾಗುತ್ತಿತ್ತು. ಗಾಳಿ ಪೂರ್ತಿ ನಿಂತಿತ್ತು. ಬಂದದ್ದೂ ಹೋದದ್ದೂ ಎರಡೂ ಕೇಳುವಂಥ ದಿನ. ಆಚೆ ಗುಡ್ಡದ ಮೇಲೆ ಕಪ್ಪು ಬಟ್ಟೆಗಳು ಒಂದೊಂದಾಗಿ ಕಾಣಿಸಿಕೊಂಡವು. ನಮ್ಮ ಕಡೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸುದ್ದಿಗಳೆಲ್ಲ ಕ್ರಮವಾಗಿ ಬಾಯಿಪಾಠವಾಗಿದ್ದವು: ಮೊದಲು ಆಕ್ರೋಟಿನ ಮರ, ಆಮೇಲೆ ಥೊಮಾನ ಅಮ್ಮ, ಕೊನೆಗೆ ಫೋತಿನಿ.

ಹಾಡು ಎತ್ತಿದೆ.

ಏಳೇ ನನ್ನತ್ತೆ, ಏಳೇ ನನ್ನ ಬೇಲಿಯ ಹೂವೇ,
ಬೆಳಗಾಯ್ತು, ನನ್ನ ಬೈಯೋರು ಯಾರೇ?

ಅಲ್ಲಿಂದ ಮುಂದೆ ಹೆಣಕ್ಕೆ ಸುದ್ದಿ ಕೊಡಬೇಕಿತ್ತು. ಕೊಡಲಿಲ್ಲ. ಗಂಜಿ ಆರಿಹೋಯಿತಲ್ಲೇ ಎಂದು ಹಾಡಿದೆ. ಸೆವಾಸ್ತಿ ಎಂದು ಆ ರದ್ದಾದ ಹೆಸರನ್ನೇ ಗಂಟಲು ಹರಿಯುವಂತೆ ಕೂಗಿದೆ. ನನ್ನ ರೊಟ್ಟಿಗೆ ಉಪ್ಪು ಕಡಿಮೆ ಅಂತ ಇನ್ನು ಯಾರು ಹೇಳುತ್ತಾರೆ, ಥೊಮಾನ ಕಾಫಿ ಇನ್ನೂ ಅರ್ಧ ಇದೆ, ಅದನ್ನು ಒಬ್ಬಳೇ ಹೇಗೆ ಕುಡಿಯಲಿ ಎಂದು ಹಾಡಿದೆ. ಪಕ್ಷದ ಮನುಷ್ಯನ ಹೆಸರು ಕಾಫಿಯ ಜೊತೆ ಗುಡ್ಡ ದಾಟಿತು. ಥೊಮಾ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಕಲ್ಯೋಪಿ ಹಿಂದಿನಿಂದ ನನ್ನ ಪಕ್ಕೆಗೆ ತಿವಿದು, ‘ಅಣ್ಣ, ಅಕ್ಕ, ನಮ್ಮಣ್ಣ!’ ಎನ್ನುತ್ತಿದ್ದಳು. ಕೇಳಿಸುತ್ತಿತ್ತು. ಆದರೆ ಆ ಸುದ್ದಿಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅಕ್ಕನನ್ನು ಕೇಳಬೇಕೆಂಬುದೂ ನೆನಪಾಗಲಿಲ್ಲ. ನನಗೆ ಕಾಣುತ್ತಿದ್ದದ್ದು ಆ ಸಣ್ಣ ಬೆನ್ನು ಮಾತ್ರ. ಮಂಡಿಯೂರಿ ಅತ್ತುಬಿಟ್ಟೆ, ಹಾಡೂ ಇಲ್ಲ ರಾಗವೂ ಇಲ್ಲ, ದನ ಕೂಗಿದ ಹಾಗೆ. ಹಿಂದಿನ ಹೆಂಗಸರ ಸ್ವರವೂ ಒಂದೊಂದಾಗಿ ನಿಂತುಹೋಯಿತು.

ಆಚೆ ಗುಡ್ಡದಲ್ಲಿ ಸದ್ದಿಲ್ಲ. ಅವರೂ ಸುದ್ದಿಗೆ ಕಾಯುತ್ತಿದ್ದರೇನೋ.

ಆಮೇಲೆ ಒಂದು ದನಿ ಎದ್ದಿತು. ಅದೇ ಗೊಗ್ಗರು ಗಂಟಲಿನ ಮುದುಕಿ. ಗಾಳಿ ಇಲ್ಲದ್ದರಿಂದ ಈ ಸಲ ಒಂದೊಂದು ಮಾತೂ ಸ್ಪಷ್ಟವಾಗಿ ಬಂತು:

ತಂಗೀ ಕ್ಸೇನಿ, ನನ್ನ ಬೆನ್ನಿಗೆ ಬಿದ್ದವಳೇ,
ಮೂವತ್ತು ವರ್ಷ ಈ ಮುದುಕಿ ಸಾಯಲಿ ಅಂತ ಹಾಡಿದೆ,
ಸತ್ತಳಲ್ಲೇ ಈಗ, ಇನ್ನ್ಯಾಕೆ ಅಳ್ತೀಯೇ?

ನಾನು ಎದ್ದು ನಿಂತೆ. ಎರಡು ವರ್ಷ ನಾನು ಹುಡುಕುತ್ತಿದ್ದದ್ದು ಮದುವೆಯ ದಿನದ ಬೆಳ್ಳಿ ಗಂಟೆಯನ್ನು. ಅಕ್ಕ ಅಲ್ಲೇ ಇದ್ದಳು, ಎಲ್ಲರಿಗಿಂತ ಜೋರಾಗಿ ನನ್ನನ್ನೇ ಕೂಗುತ್ತಿದ್ದಳು. ಅವಳಿಗೆ ವಯಸ್ಸಾಗಿತ್ತು, ಅಷ್ಟೆ. ತಂತಿಯ ಆಚೆಗೂ ವಯಸ್ಸಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಅತ್ತೆಯ ಗುಂಡಿಯ ಪಕ್ಕ ನಿಂತು ನಗು ಬಂತು. ತಡೆಯಲು ಆಗಲಿಲ್ಲ. ಮೂಗು ಸುರಿಯುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾವಲಿನ ಸೈನಿಕ ತೆಗೆದ ಟೋಪಿಯನ್ನು ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ಕೈಯಲ್ಲೇ ತಿರುಗಿಸುತ್ತಿದ್ದ.

ಫೆಬ್ರವರಿ 26

ನಲವತ್ತನೆಯ ದಿನ. ಬಾಗಿಲು ಹಾಕಿಕೊಂಡು ಗೋಧಿ ಬೇಯಿಸಿ ಅತ್ತೆಯ ಹೆಸರಿನಲ್ಲಿ ಹಂಚಿದೆ, ಎರಡೂ ಹೆಸರಿನಲ್ಲಿ. ಬಂದವರು ತಿಂದರು, ಆದರೆ ಮುಖ ಊದಿಸಿಕೊಂಡೇ ತಿಂದರು. ಅವರ ಮುರಬ್ಬ, ಬದನೆಕಾಯಿ, ರಾಕಿ ಎಲ್ಲ ಮಣ್ಣುಪಾಲಾಯಿತಲ್ಲ. ಥೊಮಾ ಮಾತು ಬಿಟ್ಟಿದ್ದಾನೆ. ಮಿಲ್ತೊ ಬೆಟ್ಟದಿಂದ ಇಳಿದು ಬಂದವನು ಕುರಿಗಳ ವಿಷಯ ಎತ್ತದೆ ಅಮ್ಮನ ಖಾಲಿ ಮಂಚದ ಮೇಲೆ ಕುಳಿತಿದ್ದ.

ಕಲ್ಯೋಪಿ ಮಾತ್ರ ಕೊನೆಯವರೆಗೆ ಉಳಿದು, ಬಟ್ಟಲು ತೊಳೆದು ಕೊಟ್ಟು, ಮೆಲ್ಲಗೆ ಕೇಳಿದಳು: ‘ಕೆಳಗಿನ ಮನೆ ಅಜ್ಜ ಯಾಕೋ ಜೋರಾಗಿ ಕೆಮ್ಮುತ್ತಿದಾರೆ ಅಕ್ಕ. ಒಂದು ಪಿಟ ಮಾಡಿ ಕೊಡ್ಲಾ?’

‘ಕೊಡು. ದಿನಾ ಕೊಡು. ಚೆನ್ನಾಗಿ ತಿನ್ನಿಸು’ ಎಂದೆ.

ಫೋತಿನಿಯ ಪ್ರಶ್ನೆಗೆ ನಾನಿನ್ನೂ ಉತ್ತರ ಹಾಡಬೇಕು. ಯಾಕೆ ಅತ್ತೆನೆಂದು ನನಗೂ ಗೊತ್ತಿಲ್ಲ. ಮುಂದಿನ ಸಾವಿನವರೆಗೆ ಸಮಯವಿದೆ, ಯೋಚಿಸುತ್ತೇನೆ. ಯಾರಿಗೂ ಅವಸರವಿಲ್ಲ.